ಮಲಗಿಸಿದವರೇ ಎಬ್ಬಿಸಬೇಕು

ಮುದುಕಿಯ ಮಾತುಗಳು ನನ್ನ ಕೈಗೆ ಬಂದದ್ದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಆ ಕ್ರಮದಲ್ಲಿ ಸಾವು ಮೊದಲು, ಸ್ವಾಗತ ಕೊನೆಗೆ. ಯಾರ ಸಾವು, ಯಾರಿಗೆ ಸ್ವಾಗತ ಎಂದು ತಿಳಿಸುವ ಕಾಲಂ ಆ ಶೀಟಿನಲ್ಲಿ ಇರಲಿಲ್ಲ. ಒಂದು ಸಾಲು, ಅದರ ಗುರುತಿನ ಸಂಖ್ಯೆ, ಎಷ್ಟು ಸೆಕೆಂಡಿನೊಳಗೆ ಮುಗಿಯಬೇಕೆಂಬ ಮಿತಿ, ನಾನು ಕನ್ನಡ ತುಂಬಬೇಕಾದ ಖಾಲಿ ಚೌಕ. ಇದನ್ನು ಬರೆಯಲು ಕೂತಾಗ ಮೊದಲು ಏರಿದ್ದು ಈ ಸಿಟ್ಟು, ಹಾಗಾಗಿ ಇಲ್ಲಿಂದ ಶುರುಮಾಡಿದೆ. ದೊಡ್ಡ ಸಿಟ್ಟು ಮುಂದಿದೆ.

ಕೆಲಸ ಏನೆಂದು ಹೇಳುತ್ತೇನೆ. ಒಂದು ವಿಡಿಯೋ ಗೇಮ್. ಕೋಟೆ, ಹೊಳೆ, ಸೈನಿಕರು. ಒಂದರ ಹಿಂದೊಂದು ಭಾಗ ಬರುತ್ತಲೇ ಇದೆ. ಒಂದು ಭಾಗಕ್ಕೂ ಮುಂದಿನದಕ್ಕೂ ನಡುವೆ ಅಭಿಮಾನಿಗಳು ಬೇರೆ ಆಟದ ಕಡೆ ಹೊರಳದಂತೆ ಹಿಡಿದಿಡಲು ಕಂಪನಿಯವರು ಇನ್ನೊಂದು ಆ್ಯಪ್ ಮಾಡಿದ್ದರು. ಅದು ಆಟವಲ್ಲ, ಆಟದ ಬಾಲ. ಅದರಲ್ಲಿ ಕಥೆ ಕೇಳಬಹುದು, ರಸಪ್ರಶ್ನೆಗೆ ಉತ್ತರಿಸಬಹುದು, ಸೈನಿಕನೊಬ್ಬನ ಮುಖಕ್ಕೆ ತಮ್ಮದೇ ಫೋಟೊ ಕೂರಿಸಿ ಸಣ್ಣ ಕಾಳಗಕ್ಕೆ ಕಳಿಸಬಹುದು. ಇದೆಲ್ಲದರಲ್ಲೂ ಮಾತಾಡುವವಳು ಹೊಳೆ ಕಾಯುವ ಒಬ್ಬ ಮುದುಕಿ. ಬಂದವರನ್ನು ಕರೆಯುತ್ತಾಳೆ, ತಪ್ಪು ಉತ್ತರಕ್ಕೆ ಬೈಯುತ್ತಾಳೆ, ಕಾಳಗದಲ್ಲಿ ಬಿದ್ದವನ ತಲೆದೆಸೆಯಲ್ಲಿ ಕೂತು ಅಳುತ್ತಾಳೆ. ಅವಳ ಕನ್ನಡವನ್ನು ಬರೆಯುವುದು, ಒಬ್ಬರ ಬಾಯಿಂದ ಆಡಿಸುವುದು, ಫೈಲು ಮಾಡಿ ಕಳಿಸುವುದು ನನ್ನ ಪಾಲಿಗೆ ಬಂತು. ಕೆಲಸ ಕೊಟ್ಟ ಸಂಸ್ಥೆ ಬೆಂಗಳೂರಿನದು. ಅಲ್ಲಿನ ಸಂಯೋಜಕಿಯ ದನಿ ನನಗೆ ಗೊತ್ತು, ಮುಖ ಇವತ್ತಿಗೂ ಗೊತ್ತಿಲ್ಲ.

“ಅಜ್ಜಿಗೆ ಮಾತ್ರ ನಿಮ್ ಕಡೆ ಕನ್ನಡ ಬೇಕು ಮೇಡಂ. ಖಡಕ್ ಆಗಿ, ರಾ ಆಗಿ, ಪಾಲಿಶ್ ಇಲ್ದೆ,” ಎಂದಿದ್ದಳು ಆಕೆ.

ಸೈನಿಕರೆಲ್ಲ ಪಠ್ಯಪುಸ್ತಕದ ಕನ್ನಡ ಆಡುತ್ತಾರೆ. ಬೈಯುವವಳಿಗೆ, ಅಳುವವಳಿಗೆ ನಮ್ಮದು. ಅದನ್ನೂ ನುಂಗಿಕೊಂಡೆ. ಲಿಂಗಸುಗೂರಿನ ಮನೆಯಲ್ಲಿ ಕೂತವಳಿಗೆ ಇಂಥ ಕೆಲಸ ಎರಡು ಸಲ ಬರುವುದಿಲ್ಲ.

ದನಿಗಾಗಿ ನಾನು ಹಿಡಿದದ್ದು ಮಸ್ಕಿಯ ಒಬ್ಬ ನಾಟಕದ ಕಲಾವಿದೆಯನ್ನು. ನಮ್ಮ ಕಡೆಯ ಊರುಗಳಲ್ಲಿ ಹರೆಯದವರು ಸೇರಿ ನಾಟಕ ಕಟ್ಟುತ್ತಾರೆ. ಗಂಡು ಪಾತ್ರಗಳನ್ನು ತಾವೇ ಹಂಚಿಕೊಳ್ಳುತ್ತಾರೆ. ಹೆಣ್ಣು ಪಾತ್ರಗಳಿಗೆ ವೃತ್ತಿಯ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ಈಕೆ ತುರ್ವಿಹಾಳ, ಬಳಗಾನೂರು, ಪಾಮನಕಲ್ಲೂರು ಎಂದು ಎಲ್ಲ ಕಡೆ ತಾಯಿ, ಅತ್ತೆ, ವಿಧವೆ ಆಗಿದ್ದವರು. ತಾಲೀಮಿಗೆ ಬರುವುದಿಲ್ಲ, ನಾಟಕದ ದಿನವೇ ಬರುತ್ತಾರೆ. ಎದುರಿನವನ ಕೊನೆಯ ಮಾತು ಕಿವಿಗೆ ಬಿದ್ದರೆ ಸಾಕು, ತಮ್ಮ ಮಾತು ತಾನೇ ಹೊರಡುತ್ತದೆ. ಎದುರಿನವನು ತಪ್ಪಿದರೆ ಅವನ ಮಾತನ್ನೂ ಇವರೇ ಸೇರಿಸಿ ಆಡಿಬಿಡುತ್ತಾರೆ. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಧ್ವನಿಮುದ್ರಣ ಸಿಂಧನೂರಿನಲ್ಲಿ. ಬೀಜ ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ. ಅದರ ಮಾಲಕರು ಆಟೊಗಳ ಮೇಲೆ ಮೈಕು ಕಟ್ಟಿ ಊರೂರಿಗೆ ಕೂಗಿಸುವ ಪ್ರಚಾರದ ಆಡಿಯೊ ಮಾಡುವವರು. ಸೀರೆ ಸೇಲು, ಹೊಸ ಆಸ್ಪತ್ರೆ, ಕಳೆದುಹೋದ ಎಮ್ಮೆ, ಎಲ್ಲದಕ್ಕೂ ಅವರದೇ ದನಿ. ಗೋಡೆಗೆ ಹಳೆಯ ಗಾದಿ ಹೊಡೆದಿದ್ದರು. ಕಿಟಕಿಗೆ ಕೌದಿ. ಕೆಳಗೆ ಬೀದಿಯಲ್ಲಿ ಭತ್ತ ಕೊಯ್ಯುವ ಯಂತ್ರ ಹಾದರೆ ಮೈಕಿನ ಕಾಲು ನಡುಗುತ್ತಿತ್ತು. ಅದು ಓಣಿ ದಾಟುವವರೆಗೆ ನಾವು ಮೂವರೂ ಉಸಿರು ಹಿಡಿದು ಕೂರಬೇಕು.

ನಾನು ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ ಪಕ್ಕದ ಸೀಟಿಗೆ ಟವೆಲು ಹಾಕುತ್ತಿದ್ದೆ. ಮಸ್ಕಿಯಲ್ಲಿ ಅಕ್ಕ ಹತ್ತುತ್ತಿದ್ದರು. ಟವೆಲು ಎತ್ತಿ ಕೂತ ಕೂಡಲೇ, “ಇವತ್ತ ಯಾರನ್ನ ಬೈಬೇಕು ಹೇಳ ತಂಗಿ,” ಎನ್ನುತ್ತಿದ್ದರು. ಹಾಗೆಂದು ನೆನಪು. ಒಂದು ಸಲ ಹೇಳಿದ್ದನ್ನು ನಾನು ದಿನದಿನವೂ ಹೇಳಿದಂತೆ ಹಿಗ್ಗಿಸಿಕೊಂಡಿರಬಹುದು. ನೆನಪಿಗೆ ಈ ಚಟ ಇದೆ. ಈ ಕೆಲಸದ ಮಟ್ಟಿಗೆ ಅದಕ್ಕೊಂದು ಮೂಗುದಾರವೂ ಇದೆ. ಸ್ಟುಡಿಯೋ ಮಾಲಕರು ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಯಂತ್ರ ನಿಲ್ಲಿಸುವವರಲ್ಲ, ಆಮೇಲೆ ಕತ್ತರಿಸುವವರು. ನಾವು ಆಡಿದ ಹರಟೆ, ಕೆಮ್ಮು, ಜಗಳ ಎಲ್ಲವೂ ನನ್ನ ಬಳಿ ಉಳಿದಿದೆ. ಇದನ್ನು ಬರೆಯುವಾಗ ಕೇಳುತ್ತಿದ್ದೇನೆ. ಹಲವು ಕಡೆ ಅದು ನನ್ನನ್ನು ಸುಳ್ಳುಗಾತಿ ಮಾಡುತ್ತದೆ.

ಮೊದಲ ದಿನವೇ ಕೆಲಸ ನಿಂತಿತು. ಮುದುಕಿಯ ಬೈಗುಳದ ಒಂದು ಸಾಲು ಕೊಟ್ಟೆ. ಅಕ್ಕ ಮೈಕನ್ನು ನೋಡಿದರು, ನನ್ನನ್ನು ನೋಡಿದರು.

“ಯಾರಿಗ ಹೇಳಾಕತ್ತೀನಿ ನಾ ಇದನ್ನ? ಎದುರಿಗೆ ಯಾರದಾರ?”

“ಯಾರೂ ಇಲ್ರೀ ಅಕ್ಕಾರ. ಮೈಕಿಗೆ ಹೇಳ್ರಿ.”

“ಮೈಕಿಗೆ ಬೈಯಾಕ ನನಗೇನು ಹುಚ್ಚ ಹಿಡದೈತೇನು? ಅದೇನು ತಪ್ಪು ಮಾಡೈತಿ?”

ಮಾಲಕರು ಗಾಜಿನಾಚೆಯಿಂದ, “ನಾ ದಿನಾ ಮೈಕಿಗೇ ಹೇಳ್ತೀನ್ರೀ ಅಕ್ಕಾರ, ‘ಬರ್ರಿ ತಾಯಂದಿರ, ಬರ್ರಿ ಅಕ್ಕಂದಿರ’ ಅಂತ,” ಎಂದರು.

“ಅದಕ್ಕ ಯಾರೂ ಬರಂಗಿಲ್ಲ,” ಎಂದರು ಅಕ್ಕ.

ಅಂದಿನಿಂದ ಪ್ರತಿ ಸಾಲಿಗೂ ಹಿಂದಿನ ಮಾತೊಂದನ್ನು ನಾನು ಹುಟ್ಟಿಸತೊಡಗಿದೆ. ಶೀಟಿನಲ್ಲಿ ಇಲ್ಲದ ಸೈನಿಕನಾಗಿ ನಾನು ತಪ್ಪು ಉತ್ತರ ಕೊಡುತ್ತಿದ್ದೆ, ಕಾವಲು ಬಿಟ್ಟು ನಿದ್ದೆ ಹೋಗುತ್ತಿದ್ದೆ, ಹೊಳೆಗೆ ಉಗುಳುತ್ತಿದ್ದೆ. ಅವರು ತಿರುಗಿ ಬೈಯುತ್ತಿದ್ದರು. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಿಸಬೇಕೆಂದು ಪಳಗಿದ ಗಂಟಲು ಅದು. ದನಿಯ ಮಟ್ಟ ತೋರಿಸುವ ಯಂತ್ರದ ಪಟ್ಟಿ ಕೆಂಪಿಗೆ ಜಿಗಿಯುತ್ತಿತ್ತು. ಮೈಕನ್ನು ಒಂದು ತೋಳಿನಷ್ಟು ದೂರ ಇಟ್ಟೆವು, ಬಾಯಿಗೆ ನೇರವಾಗಿ ಅಲ್ಲ, ಎದೆಯ ಕಡೆಗೆ ತಿರುಗಿಸಿ. ನನ್ನ ದನಿ ಅವರ ದನಿಯ ಮೇಲೆ ಬೀಳದಂತೆ ನಡುವೆ ಒಂದು ಉಸಿರು ಬಿಟ್ಟು ತಡೆಯಲು ಹೇಳಿಕೊಟ್ಟೆ. ಆ ಒಂದು ಉಸಿರು ಕಲಿಸಲು ಇಡೀ ಒಂದು ದಿನ ಹೋಯಿತು. ನಾಟಕದಲ್ಲಿ ನಡುವೆ ಉಸಿರು ಬಿಟ್ಟರೆ ಜನ ಸೀಟಿ ಹೊಡೆಯುತ್ತಾರಂತೆ.

ಬೈಗುಳ ಮುಗಿದು ಅಳುವಿನ ಸಾಲು ಬಂತು. ನಾನು ಬರೆದದ್ದು ಹೀಗಿತ್ತು: ‘ಹೊಳಿ ದಂಡ್ಯಾಗ ಮಲಗಿದ್ಯಾ ನನ್ನಪ್ಪಾ, ನಿನ್ನ ಕಾಲಿನ ಕೆಸರು ಇನ್ನಾ ಆರಿಲ್ಲಲ್ಲೋ.’

ಅಕ್ಕ ಒಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ, “ಯಾರ ಮಲಗ್ತೀರಿ?” ಎಂದರು.

ಅವರ ಕೆಲಸದ ಪದ್ಧತಿ ಅದು. ನಾಟಕದಲ್ಲಿ ಯಾರ ಮೇಲೆ ಬಿದ್ದು ಅಳುತ್ತಾರೋ ಅವನನ್ನು, ಪರದೆ ಬಿದ್ದ ಮೇಲೆ, ಅತ್ತವಳೇ ಭುಜ ಮುಟ್ಟಿ ಎಬ್ಬಿಸಬೇಕು. ‘ಏಳಪ್ಪಾ, ಮಾರಿ ತೊಳ್ಕೊ’ ಎನ್ನಬೇಕು. ಅಲ್ಲಿಯವರೆಗೆ ಅವನು ಏಳುವುದಿಲ್ಲ. ಯಾರಾದರೂ ಬಂದು ಹೂಮಾಲೆ ಹಾಕಲಿ, ಫೋಟೊ ತೆಗೆಯಲಿ, ಬಿದ್ದಲ್ಲೇ ಬಿದ್ದಿರುತ್ತಾನೆ. ಒಮ್ಮೆ ಪಾಮನಕಲ್ಲೂರಿನಲ್ಲಿ ಅಕ್ಕ ಸೀರೆ ಬದಲಿಸಲು ಹೋದವರು ಚಹಾ ಕುಡಿಯುತ್ತ ಕೂತರಂತೆ. ಮುಂದಿನ ದೃಶ್ಯಕ್ಕೆ ಅರಮನೆಯ ಪರದೆ ಬಿಟ್ಟರೂ ಸತ್ತವನು ಸಿಂಹಾಸನದ ಮುಂದೆ ಮಲಗಿಯೇ ಇದ್ದನಂತೆ. ಪೇಟಿ ಮಾಸ್ತರರು ಹಾರ್ಮೋನಿಯಂ ಬಿಟ್ಟು ಓಡಿ ಬಂದು, “ಯವ್ವಾ, ಆ ಹೆಣ ಎಬ್ಬಸಬೇ, ರಾಜ ಬರಾಕತ್ತಾನ!” ಎಂದು ಕೈಮುಗಿದರಂತೆ.

ಸರಿ, ಮಲಗುವವರು ಬೇಕು. ನಾನು ಧ್ವನಿಮುದ್ರಣ ಯಂತ್ರದ ಗುಂಡಿಗಳ ಬಳಿ ಕೂತೆ. ಮಾಲಕರು ಗೊಣಗುತ್ತ ಬಂದು ಮೈಕಿನ ಬುಡದಲ್ಲಿ ಅಂಗಾತ ಬಿದ್ದರು.

“ಅಕ್ಕಾರ, ನನ್ನ ಹೆಂಡತಿ ನೋಡಿದ್ರ ಏನಂತಾಳ?”

“ಏನಂತಾಳ? ನೀ ಇಷ್ಟ ಸುಮ್ಮನಿದ್ದದ್ದು ಇದ ಮೊದಲು ಅಂತಾಳ. ಕಣ್ಣ ಮುಚ್ಚು.”

ಆಮೇಲೆ ಆ ಅಳು ಬಂತು. ಅದನ್ನು ವರ್ಣಿಸುವುದಿಲ್ಲ. ಅದು ಶುರುವಾದ ಕೂಡಲೇ ಕೆಳಗೆ ಗೊಬ್ಬರದ ಅಂಗಡಿಯವರು ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು ಎಂದಷ್ಟೇ ಹೇಳುತ್ತೇನೆ. ಆ ಬಡಿತವೂ ಧ್ವನಿಮುದ್ರಣದಲ್ಲಿದೆ. ಎರಡನೆಯ ಸಲ ಚೆನ್ನಾಗಿ ಬಂತು. ಅಳು ಮುಗಿದು, ಒಂದು ಉಸಿರು ಬಿಟ್ಟು, ಅಕ್ಕ ಬಗ್ಗಿ ಮಾಲಕರ ಭುಜ ಮುಟ್ಟಿ, “ಏಳಪ್ಪಾ, ಮಾರಿ ತೊಳ್ಕೊ,” ಎಂದರು. ಮಾಲಕರು ಎದ್ದು ನಿಜಕ್ಕೂ ಮೋರಿಯ ಕಡೆ ಹೋಗಿ ಮುಖ ತೊಳೆದರು.

ಅಕ್ಕ ಆಗಲೇ ಷರತ್ತು ಹಾಕಿದರು. “ಆ ಕಡೀ ಮಾತು ತಗೀಬ್ಯಾಡ್ರಿ. ಅದು ಇದ್ರ ಕೊಡ್ತೀನಿ, ಇಲ್ಲಂದ್ರ ಇಲ್ಲ.”

ನಾನು ಅಲ್ಲಿಂದಲೇ ಸಂಯೋಜಕಿಗೆ ಫೋನು ಹಚ್ಚಿದೆ, ಎಲ್ಲರಿಗೂ ಕೇಳುವಂತೆ. ಆಕೆ “ಪ್ರಾಮಿಸ್ ಮೇಡಂ, ಇರುತ್ತೆ” ಎಂದಳೆಂದು ಈವರೆಗೆ ಎಷ್ಟೋ ಜನರಿಗೆ ಹೇಳಿದ್ದೇನೆ. ಮೊನ್ನೆ ಮುದ್ರಣ ಕೇಳಿದೆ. ಆಕೆ ಹೇಳಿದ್ದು, “ಓಕೆ ಓಕೆ ಮೇಡಂ, ನೀವು ಕಳ್ಸಿ.” ಅಷ್ಟೇ. ಇದು ಮಾತು ಕೊಟ್ಟಂತಾಯಿತೆ? ಬೆಂಗಳೂರಿನಲ್ಲಿ ಆಗಲಿಕ್ಕಿಲ್ಲ. ಆ ಕೋಣೆಯಲ್ಲಿ ಆಯಿತು. ಅಕ್ಕ ಅದನ್ನು ಕೇಳಿ ತಲೆಯಾಡಿಸಿ ಸೆರಗು ಸರಿಮಾಡಿಕೊಂಡರು. ಅವರು ನೂರಾರು ಊರಿನ ನಾಟಕ ಒಪ್ಪಿಕೊಂಡದ್ದು ಇಷ್ಟೇ ಮಾತಿನ ಮೇಲೆ.

ಆ್ಯಪ್ ಬಂತು. ನಾವು ಮುಂದಿನ ಕಂತಿನ ಕಥೆಗಳನ್ನು ಧ್ವನಿಮುದ್ರಿಸುವುದರಲ್ಲಿದ್ದೆವು. ನನ್ನ ಫೋನಿನಲ್ಲಿ ಆ್ಯಪ್ ಹಾಕಿಕೊಂಡು ಸ್ವಾಗತ ಕೇಳಿದೆ, ಬೈಗುಳ ಕೇಳಿ ನಕ್ಕೆ. ಕಾಳಗ ಆಡಲಿಲ್ಲ. ನನಗೆ ಆ ಆಟ ಬರುವುದಿಲ್ಲ, ಇಷ್ಟವೂ ಇಲ್ಲ.

ಆಡಿದ್ದು ಅಕ್ಕನ ಮಗ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವನು, ಮೀಸೆ ಬಿಟ್ಟ ಆಳು, ಮದುವೆಗೆ ಹೆಣ್ಣು ನೋಡುತ್ತಿದ್ದರು. ಈ ಆಟವನ್ನು ಅದರ ಮೊದಲ ಭಾಗದಿಂದ ಆಡಿದವನು. ತಾಯಿ ಅದರೊಳಗೆ ಹೋಗಿದ್ದಾಳೆಂದು ಗಿರಣಿಯ ಎಲ್ಲರಿಗೂ ಹೇಳಿಕೊಂಡಿದ್ದ. ಒಂದು ಸಂಜೆ ನಾವು ಮನೆಗೆ ಹೊರಟು ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ತಲೆಯ ಮೇಲೆಲ್ಲ ಹೊಟ್ಟಿನ ಧೂಳು ಹೊತ್ತು ನಗುತ್ತ ಬಂದ.

“ಯವ್ವಾ, ಇಲ್ನೋಡಬೇ. ನನ್ನ ಸಲವಾಗಿ ಹೆಂಗ ಅಳಾಕತ್ತಿ ನೋಡು.”

ಫೋನನ್ನು ತಾಯಿಯ ಮುಖದ ಮುಂದೆ ಹಿಡಿದ. ಹೊಳೆಯ ದಂಡೆ. ಕೆಸರಿನಲ್ಲಿ ಬಿದ್ದ ಸೈನಿಕ. ಸೈನಿಕನ ಮುಖಕ್ಕೆ ಇವನ ಮುಖ, ಮೀಸೆ ಸಹಿತ, ಕಣ್ಣು ಮುಚ್ಚಿಸಿದ್ದರು. ತಲೆದೆಸೆಯಲ್ಲಿ ಮುದುಕಿ. ‘ಹೊಳಿ ದಂಡ್ಯಾಗ ಮಲಗಿದ್ಯಾ ನನ್ನಪ್ಪಾ...’ ಅಳು ಮುಗಿಯಿತು. ನಾನು ಮುಂದಿನ ಮಾತಿಗಾಗಿ ಕಾದೆ. ಬರಲಿಲ್ಲ. ಅಳು ಮತ್ತೆ ಮೊದಲಿನಿಂದ ಹತ್ತಿಕೊಂಡಿತು. ಕೆಳಗೆ ಒಂದು ಗುಂಡಿ ಮಿನುಗುತ್ತಿತ್ತು: ‘ಜಾಹೀರಾತು ನೋಡಿ, ಮತ್ತೆ ಎದ್ದೇಳಿ.’

ಆ ಗುಂಡಿಯ ಕನ್ನಡ ನನ್ನದೇ. ಬೇರೊಂದು ಶೀಟಿನಲ್ಲಿ, ಬೇರೊಂದು ವಾರ, ಯಾರು ಏಳಬೇಕು ಎಲ್ಲಿಂದ ಏಳಬೇಕು ಎಂದು ತಿಳಿಯದೆ ತುಂಬಿಕೊಟ್ಟಿದ್ದೆ.

ಅಕ್ಕ ಫೋನನ್ನು ಕಸಿದುಕೊಂಡರು. ಬಾಯಿಯ ಹತ್ತಿರ ಹಿಡಿದು, “ಏಳಪ್ಪಾ, ಮಾರಿ ತೊಳ್ಕೊ,” ಎಂದರು. ಪಕ್ಕದಲ್ಲಿ ಬಸ್ಸು ಕಾಯುತ್ತಿದ್ದವರು ತಿರುಗಿ ನೋಡಿದರು. ಇನ್ನೊಮ್ಮೆ, ನಾಟಕದ ದನಿಯಲ್ಲಿ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಎಂದರು. ಸೈನಿಕ ಕೆಸರಿನಲ್ಲೇ ಬಿದ್ದಿದ್ದ, ಮುದುಕಿ ಅಳುತ್ತಲೇ ಇದ್ದಳು.

“ಅದಕ್ಕ ಕೇಳಸಂಗಿಲ್ಲಬೇ ಯವ್ವಾ,” ಎಂದು ಮಗ ನಕ್ಕ. ತಾಯಿಯ ಮುಖ ನೋಡಿ ನಗು ನಿಲ್ಲಿಸಿದ.

ಅಕ್ಕ ಮಗನ ಭುಜ ಹಿಡಿದರು. “ನೀ ಕೇಳು. ಏಳಪ್ಪಾ. ಮಾರಿ ತೊಳ್ಕೊ ಹೋಗು.”

“ನಾ ನಿಂತ ಅದೀನಲ್ಲಬೇ!”

“ಹೋಗಂದ್ರ ಹೋಗು!”

ಅವನು ನಾಚಿಕೊಂಡು ಹೋಗಿ ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದು ಬಂದ. ತೊಳೆದನೆಂದು ನನ್ನ ನೆನಪು. ಮೀಸೆಯಿಂದ ಹನಿ ಬೀಳುವುದು ಕೂಡ ಕಾಣುತ್ತದೆ. ಆದರೆ ಆ ನಲ್ಲಿಯಲ್ಲಿ ನೀರು ಬಂದದ್ದನ್ನು ನಾನು ಬೇರೆ ಯಾವ ದಿನವೂ ಕಂಡಿಲ್ಲ. ಅಲ್ಲಿ ಧ್ವನಿಮುದ್ರಣ ಯಂತ್ರ ಇರಲಿಲ್ಲ. ನೀರು ಬಂದಿರಲಿ ಎಂದು ನನಗೆ ಆಸೆ ಇತ್ತು, ಅಷ್ಟು ಮಾತ್ರ ಖಚಿತ.

ಬಸ್ಸಿನಲ್ಲಿ ನಾನೇ ಬಾಯಿ ಬಿಟ್ಟೆ. ಆ್ಯಪಿನಲ್ಲಿರುವುದು ಗೊಂಬೆ, ಅದಕ್ಕೆ ಏನೂ ಆಗುವುದಿಲ್ಲ, ಹೆದರಬೇಡಿ ಎಂದೇನೋ ಅಂದೆ.

“ಹೆದರಿಕಿ ಅಲ್ಲ ತಂಗಿ. ನಂಬಿಕಿ ಗಿಂಬಿಕಿನೂ ಅಲ್ಲ. ಕೆಲಸ ಅದು. ಮಲಗಿಸಿದಾಕಿ ಎಬ್ಬಸಬೇಕು. ಅರ್ಧಾ ನನ್ನ ಕಡಿಂದ ಮಾಡಿಸಿಕೊಂಡು ಅರ್ಧಾ ಕತ್ತರಿಸಿ ಒಗದಾರ. ನನ್ನ ಮಗನ್ನ ನನ್ನ ಕಡಿಂದನ ಮಲಗಿಸಿ ಬಿಟ್ಟಾರ. ಎಷ್ಟ ಮಂದಿ ಮಕ್ಕಳನ್ನ ಹಂಗ ಮಲಗಿಸ್ಯಾರೋ.” ಮಸ್ಕಿ ಬಂತು. ಇಳಿಯುವಾಗ ತಿರುಗಿ ನೋಡದೆ, “ಅದು ಸರಿಯಾಗೂತನಕ ನನ್ನ ದನಿ ಎಲ್ಲಿಗೂ ಕಳಸಬ್ಯಾಡ,” ಎಂದರು.

ಮರುದಿನ ಸಂಯೋಜಕಿಗೆ ಫೋನು ಮಾಡಿದೆ.

“ಅದು ಟೈಮ್ ಲಿಮಿಟ್ ಇಶ್ಯೂ ಮೇಡಂ,” ಎಂದಳು.

ಮಿತಿಗಿಂತ ಒಳಗೇ ಇತ್ತು ಎಂದೆ. ಫೈಲಿನ ಸಂಖ್ಯೆ ಹೇಳಿದೆ, ಸೆಕೆಂಡು ಹೇಳಿದೆ. ಆಚೆಯಿಂದ ಕೀಲಿಮಣೆಯ ಸದ್ದು. ಆಮೇಲೆ ದನಿ ಸ್ವಲ್ಪ ತಗ್ಗಿತು.

“ನಿಜ ಹೇಳ್ಬೇಕಂದ್ರೆ ಮೇಡಂ, ಅಜ್ಜಿ ಏಳು ಅಂತಾರೆ, ಸೋಲ್ಜರ್ ಏಳಲ್ಲ. ಯೂಸರ್‌ಗೆ ಕನ್‌ಫ್ಯೂಸ್ ಆಗುತ್ತೆ. ಆ್ಯಡ್ ನೋಡಿದ್ರೆ ಮಾತ್ರ ಏಳ್ಬೇಕು, ಅದು ಡಿಸೈನ್. ಅದಕ್ಕೇ ಆ ಬಿಟ್ ಕಟ್ ಮಾಡಿದ್ದು.”

“ಅವರಿಗೆ ಮಾತು ಕೊಟ್ಟಿದ್ದೆವು.”

“ಮೇಡಂ, ಇದೊಂಥರಾ ಸೂಪರ್‌ಸ್ಟಿಷನ್ ಅಲ್ವಾ? ಕ್ಲೈಂಟ್‌ಗೆ ಇದನ್ನ ಹೇಗೆ ಎಕ್ಸ್‌ಪ್ಲೇನ್ ಮಾಡ್ಲಿ?”

ಮೈಯೆಲ್ಲ ಉರಿಯಿತು. ಮೊಬೈಲಿನಲ್ಲಿ ಬಿದ್ದವನು ಜಾಹೀರಾತು ನೋಡಿದರೆ ಏಳುತ್ತಾನೆ ಎಂಬುದನ್ನು ಆ ಕ್ಲೈಂಟಿಗೆ ಯಾರೂ ವಿವರಿಸಬೇಕಿರಲಿಲ್ಲ. ಅದು ಡಿಸೈನು. ಅತ್ತವಳು ಕರೆದರೆ ಏಳುತ್ತಾನೆ ಎಂಬುದು ಮೂಢನಂಬಿಕೆ. ನಮ್ಮ ಕನ್ನಡ ಬೇಕು, ಖಡಕ್ಕಾಗಿ ಬೇಕು, ಒಬ್ಬ ಹೆಂಗಸು ಇಡೀ ಜೀವಮಾನ ಊರೂರ ಮಣ್ಣಿನ ಮೇಲೆ ಕೂತು ಗಳಿಸಿದ ಅಳು ಬೇಕು. ಆ ಅಳುವಿನ ಜೊತೆ ಬಂದ ಕಟ್ಟುಪಾಡು ಮಾತ್ರ ಬೇಡ. ಕಬ್ಬಿನ ಹಾಲು ಹಿಂಡಿಕೊಂಡು ಸಿಪ್ಪೆ ಉಗಿಯುವವರಿಗೂ ಕಬ್ಬು ಯಾವ ಹೊಲದ್ದೆಂದು ತಿಳಿದಿರುತ್ತದೆ. ಇವರಿಗೆ ಅಷ್ಟೂ ಬೇಡವಾಗಿತ್ತು.

ಇದನ್ನೆಲ್ಲ ನಾನು ಆಕೆಗೆ ಹೇಳಲಿಲ್ಲ. ಫೋನಿಟ್ಟೆ.

ಮುಂದಿನ ಕಂತಿನ ಕಥೆಗಳು ಮುಗಿದಿದ್ದವು. ಕತ್ತರಿಸಿ, ಸದ್ದು ಸೋಸಿ, ಹೆಸರಿಟ್ಟು ಸಿದ್ಧಮಾಡಿ ಇಟ್ಟಿದ್ದೆ. ಕಳಿಸಬೇಕಾದ ದಿನ ಹತ್ತಿರವಿತ್ತು. ಆ ಮುದುಕಿಯ ದನಿ ಅಷ್ಟರಲ್ಲಿ ಅಭಿಮಾನಿಗಳಿಗೆ ರೂಢಿಯಾಗಿತ್ತು. ಬೈಗುಳಗಳನ್ನು ತುಂಡು ತುಂಡು ಮಾಡಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು. ಬೇರೆ ದನಿ ಹಾಕಿದರೆ ಗೊತ್ತಾಗುತ್ತಿತ್ತು. ನನ್ನ ಕೈಯಲ್ಲಿದ್ದ ಬಲ ಒಂದೇ, ಕಳಿಸದೆ ಇರುವುದು. ಎರಡು ದಿನ ಆ ಫೈಲುಗಳ ಮುಂದೆ ಕೂತೆ. ಎರಡೋ ಮೂರೋ. ಈ ಕೆಲಸ ಹೋದರೆ ಇನ್ನೊಂದು ಬರುವುದಿಲ್ಲ ಎಂಬ ಲೆಕ್ಕ ತಲೆಯೊಳಗೆ ಓಡುತ್ತಲೇ ಇತ್ತು. ‘ಆ ಹೆಂಗಸಿನ ಮಾತಿಗೆ ನೀನ್ಯಾಕೆ ಹಾಳಾಗುತ್ತೀ’ ಎಂದು ಮನೆಯವರು ಅಂದರೋ, ನಾನೇ ಅಂದುಕೊಂಡೆನೋ, ಈಗ ಬೇರ್ಪಡಿಸಲಾರೆ.

ಮೇಲ್ ಬರೆದೆ. ಅಳುವಿನ ಸಾಲನ್ನು ಎಬ್ಬಿಸುವ ಮಾತಿನ ಸಮೇತ ಮತ್ತೆ ಮುದ್ರಿಸಿ ಹಾಕುವವರೆಗೆ ಕಥೆಗಳನ್ನು ಕಳಿಸುವುದಿಲ್ಲ ಎಂದೆ.

“ಹಾಗಾದ್ರೆ ಬೇರೆ ವಾಯ್ಸ್ ಹುಡುಕ್ತೀವಿ ಮೇಡಂ,” ಎಂದು ಫೋನು ಬಂತು.

“ಹುಡುಕಿ,” ಎಂದೆ.

ಮೂರನೆಯ ಫೋನಿಗೆ ಆಕೆಯ ದನಿಯೂ ದಣಿದಿತ್ತು. ಮೇಲಿನವರು ಒಪ್ಪಿದ್ದರು, ಅರ್ಥವಾಗಿ ಅಲ್ಲ, ದಿನ ಮೀರುತ್ತಿದ್ದುದರಿಂದ. ಒಂದೇ ಒಂದು ಸಲ ಮರುಮುದ್ರಣ. ಸೆಕೆಂಡು ಹೆಚ್ಚಾಗಬಾರದು. ಮತ್ತು ಸಾಲು ಅಳುವಿನಲ್ಲೇ ಮುಗಿಯಬೇಕು.

“ಕೊನೇಲಿ ಏಳು ಅಂತ ಬಂದ್ರೆ ಮತ್ತೆ ಕಟ್ ಆಗುತ್ತೆ ಮೇಡಂ. ಮೊದಲೇ ಹೇಳ್ಬಿಟ್ಟಿದೀನಿ,” ಎಂದಳು. ಆಕೆ ನನಗೆ ಆ ಎಚ್ಚರಿಕೆ ಕೊಟ್ಟದ್ದು ಬೆದರಿಕೆಯಾಗಿಯೋ ಸುಳಿವಾಗಿಯೋ ಎಂದು ಈಗಲೂ ಯೋಚಿಸುತ್ತೇನೆ.

ಮತ್ತೆ ಸಿಂಧನೂರು. ಮಾಲಕರು ಹೇಳುವ ಮೊದಲೇ ನೆಲದ ಮೇಲೆ ಮಲಗಿ ಕೈಕಟ್ಟಿಕೊಂಡಿದ್ದರು. ಅಕ್ಕನಿಗೆ ಷರತ್ತು ತಿಳಿಸಿದೆ. ಅವರು ಮೈಕಿನ ಕಾಲು ಹಿಡಿದು ನಿಂತರು.

“ಅಳುವಿನ ಮ್ಯಾಗ ಮುಗೀಬೇಕಂತ. ಹಂಗಾದ್ರ ಎಬ್ಬಸೂದು ಯಾವಾಗ?”

ಇಲ್ಲಿ ಬಂದ ಉಪಾಯ ನನ್ನದೆಂದು ನಾನು ತುಂಬಾ ದಿನ ನಂಬಿದ್ದೆ. ಎಬ್ಬಿಸುವ ಮಾತನ್ನು ಅಳುವಿನ ಹೊಟ್ಟೆಯೊಳಗೆ ಹುಗಿಯುವುದು. ಮುದ್ರಣದಲ್ಲಿ ನಾನು ಏನೂ ಹೇಳುವುದಿಲ್ಲ, ಮೂಗು ಒರೆಸಿಕೊಳ್ಳುವ ಸದ್ದು ಮಾತ್ರ. ನೆಲದ ಮೇಲಿನಿಂದ, ಮೈಕಿಗೆ ದೂರವಾಗಿ, ಮಾಲಕರ ದನಿ ಬರುತ್ತದೆ.

“ನಡುವ ಹಾಕ್ರಿ ಅಕ್ಕಾರ.”

“ಹೆಣ ಮಾತಾಡಬಾರದು.”

“ಅಲ್ರೀ, ಕೇಳ್ರಿ. ನಾ ಮಾಡಿದ ಪ್ರಚಾರ್ದಾಗ ಕಡೀಗೆ ನನ್ನ ಸ್ಟುಡಿಯೋ ಹೆಸರ ಹೇಳ್ತಿದ್ನಿ. ಬ್ಯಾರೆ ಸ್ಟುಡಿಯೋದ ಮಕ್ಕಳು ಅದನ್ನ ಕತ್ತರಿಸಿ ತಮ್ಮ ಹೆಸರ ಹಚ್ಚಿ ಮಾರತಿದ್ರು. ಈಗ ಸೀರಿ ರೇಟಿಗೂ ಅಂಗಡಿ ಹೆಸರಿಗೂ ನಡುವ ನನ್ನ ಹೆಸರ ಉಸರ ಬಿಡದಂಗ ಸೇರಸ್ತೀನಿ. ತಗದ್ರ ಸೀರಿನೂ ಹೊಕ್ಕೈತಿ. ಉಸರ ಬಿಟ್ಟಲ್ಲೇ ಕತ್ತರಿ ಬೀಳೂದು. ಉಸರ ಬಿಡಬ್ಯಾಡ್ರಿ.”

ಇಡೀ ಒಂದು ದಿನ ಕೂತು ನಾನೇ ಕಲಿಸಿದ ಉಸಿರು. ಅಕ್ಕ ನನ್ನ ಕಡೆ ನೋಡಿ, “ನಿನ್ನ ಉಸರ ನೀನ ಇಟ್ಕೋ ತಂಗಿ,” ಎಂದರು. ಆ ದಿನಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ನಾವು ಮೂವರೂ ಸೇರಿ ಸಾಲನ್ನು ಮುರಿದು ಕಟ್ಟಿದೆವು. ಮೊದಲಿಗೆ ಹೊಳೆಯ ದಂಡೆ, ಕೊನೆಗೆ ಕೆಸರು, ನಡುವೆ ಎಬ್ಬಿಸುವುದು. ‘ಹೊಳಿ ದಂಡ್ಯಾಗ ಮಲಗಿದ್ಯಾ ಏಳಪ್ಪಾ ಮಾರಿ ತೊಳ್ಕೊ ನೀರ ತಂದೀನಿ ಏಳೋ ನಿನ್ನ ಕಾಲಿನ ಕೆಸರು ಇನ್ನಾ ಆರಿಲ್ಲಲ್ಲೋ.’ ಒಂದೇ ಎಳೆ. ‘ಮಲಗಿದ್ಯಾ’ದ ಕೊನೆಯ ಸ್ವರದಲ್ಲೇ ‘ಏಳಪ್ಪಾ’ ಹುಟ್ಟಬೇಕು, ‘ಏಳೋ’ ಆರುವ ಮೊದಲೇ ‘ನಿನ್ನ’ ಹಿಡಿಯಬೇಕು. ಅಕ್ಕ ಮೊದಲ ಸಲ ‘ತಂದೀನಿ’ಯ ಬಳಿ ಉಸಿರು ಕಟ್ಟಿ ಕೆಮ್ಮಿದರು. ಎರಡನೆಯ ಸಲ ಅಳು ಕಡಿಮೆಯಾಗಿ ಹಾಡಾಯಿತು. ಮೂರನೆಯ ಸಲ ಬೀದಿಯಲ್ಲಿ ಭತ್ತ ಕೊಯ್ಯುವ ಯಂತ್ರ ಬಂತು. ಮಾಲಕರು ಕಣ್ಣು ಮುಚ್ಚಿಕೊಂಡೇ ಆ ಡ್ರೈವರನ ತಲೆಮಾರನ್ನೆಲ್ಲ ಬೈದರು. ನಾಲ್ಕನೆಯ ಸಲ ಅಕ್ಕ ಮೈಕನ್ನು ಮರೆತು ನೆಲಕ್ಕೆ ಕೂತು ಮಾಲಕರ ತಲೆಯನ್ನು ತೊಡೆಗೆ ಎಳೆದುಕೊಂಡು ಹೇಳಿದರು. ದನಿ ಮೈಕಿಗೆ ಓರೆಯಾಯಿತು, ಸ್ವಲ್ಪ ದೂರವೂ ಆಯಿತು. ಅದೇ ಬೇಕಾಗಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಆ ದನಿಯ ಅಲೆ ನೋಡಿದೆ. ಮೊದಲಿನಿಂದ ಕೊನೆಯವರೆಗೆ ಒಂದು ಬೆಟ್ಟ. ಎಲ್ಲೂ ಕಣಿವೆ ಇಲ್ಲ. ಕತ್ತರಿ ಇಡಲು ಜಾಗವಿಲ್ಲ.

ಮುದ್ರಣ ಮುಗಿದ ಮೇಲೂ ಅಕ್ಕ ಮಾಲಕರ ಭುಜ ಮುಟ್ಟಿ ಇನ್ನೊಮ್ಮೆ ಎಬ್ಬಿಸಿದರು. “ಎರಡು ಸರತಿ ಎಬ್ಬಿಸಿದ್ರಿ, ಇನ್ನ ನಾ ಸಾಯಂಗೇ ಇಲ್ಲ ಬಿಡ್ರಿ,” ಎನ್ನುತ್ತ ಅವರು ಮೋರಿಗೆ ಹೋದರು.

ಮರುಮುದ್ರಣದ ಶೀಟಿನಲ್ಲಿ ನಮ್ಮ ಕನ್ನಡದ ಅರ್ಥ ಬರೆಯುವ ಒಂದು ಕಾಲಂ ಸೇರಿಸಿದ್ದರು. ನಾನು ಸುಳ್ಳು ಬರೆಯಲಿಲ್ಲ. ‘ಏಳು, ಮುಖ ತೊಳೆದುಕೋ, ನೀರು ತಂದಿದ್ದೇನೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹಾಗೆಯೇ ಬರೆದೆ. ಯಾರೂ ಓದಲಿಲ್ಲ. ಸೆಕೆಂಡು ನೋಡಿದರು, ಕೊನೆಯಲ್ಲಿ ಅಳು ಇದೆಯೇ ಎಂದು ನೋಡಿದರು, ಹಸಿರು ಗುರುತು ಹಾಕಿದರು. ಗೆದ್ದೆ ಎಂದುಕೊಳ್ಳಬೇಕಾದ ಹೊತ್ತಿನಲ್ಲಿ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು. ಎಷ್ಟು ಹೋರಾಡಿದ್ದೆವೋ ಅಷ್ಟನ್ನೂ ಅವರು ಓದದೆ ದಾಟಿಸಿದ್ದರು. ಕಥೆಗಳನ್ನು ಕಳಿಸಿದೆ.

ಹೊಸ ಅಳು ಆ್ಯಪಿಗೆ ಬಂದ ದಿನ ಅಕ್ಕನ ಮಗನೇ ಫೋನು ಮಾಡಿದ. “ಈಗ ಏಳು ಅನ್ನಾಕತ್ತಾಳ್ರೀ ನಮ್ಮವ್ವ. ಆದ್ರ ನಾ ಇನ್ನಾ ಏಳವಲ್ಲೆ.” ಹಿಂದಿನಿಂದ ಗಿರಣಿಯ ಗದ್ದಲ, ಅದರ ನಡುವೆ ಯಾರೋ ನಗುವುದು. “ಅವ್ವಗ ಕೇಳಸಿದ್ನಿ. ಆಕಿ ತನ್ನ ಕೆಲಸ ಮುಗೀತು ಅಂದ್ಳು. ಉಳಿದದ್ದು ನಿಮ್ಮ ಕೆಲಸ ಅಂತ.”

ಕೆಲವು ದಿನಗಳ ನಂತರ ಸಂಯೋಜಕಿಯಿಂದ ಮೇಲ್ ಬಂತು, ದೋಷ ಸರಿಪಡಿಸಿ ಎಂಬ ತಲೆಬರಹದೊಂದಿಗೆ. ಅಭಿಮಾನಿಗಳ ದೂರುಗಳನ್ನು ಕೆಳಗೆ ಅಂಟಿಸಿದ್ದಳು. ಎಲ್ಲರೂ ಬರೆದದ್ದು ಒಂದೇ ಮಾತು, ಬೇರೆ ಬೇರೆ ಕನ್ನಡದಲ್ಲಿ. ಅಜ್ಜಿ ಏಳು ಅಂತಾಳೆ, ನೀರು ತಂದೀನಿ ಅಂತಾಳೆ, ನಾನು ಏಳ್ತಾ ಇಲ್ಲ. ಇಷ್ಟು ಕರೆದರೂ ಯಾಕೆ ಏಳ್ತಿಲ್ಲ. ಒಬ್ಬ ಬರೆದಿದ್ದ: ಪಾಪ, ಅಜ್ಜಿ ಕಾಯಾಕತ್ತಾಳ, ಎಬ್ಬಸ್ರೋ. ಧ್ವನಿ ಫೈಲಿನ ಈ ದೋಷವನ್ನು ಆದಷ್ಟು ಬೇಗ ತೆಗೆದುಕೊಡಬೇಕೆಂದು ಸಂಯೋಜಕಿ ಕೇಳಿದ್ದಳು.

ನಾನು ಬರೆದ ಉತ್ತರ ಎರಡೇ ಸಾಲಿನದು. ‘ದೋಷ ದನಿಯಲ್ಲಿಲ್ಲ. ಅವನನ್ನು ಎಬ್ಬಿಸಿ.’

ಸಿಟ್ಟಿನಿಂದ, ಒಂದೇ ಏಟಿಗೆ, ಹೀಗೆ ಬರೆದೆನೆಂದು ಇಷ್ಟು ಕಾಲ ಹೇಳಿಕೊಂಡು ಬಂದಿದ್ದೇನೆ. ಇದನ್ನು ಮುಗಿಸುವ ಮುನ್ನ ಆ ಮೇಲ್ ತೆರೆದು ನೋಡಿದೆ. ಎರಡನೆಯ ಸಾಲಿನ ಮೊದಲಿಗೆ ‘ದಯವಿಟ್ಟು’ ಎಂದಿದೆ. ಅದೊಂದು ಪದಕ್ಕಾಗಿ ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವನೂ ಇನ್ನೂ ಎದ್ದಿಲ್ಲ.